ಬಲವಿಲ್ಲದವರಿಗಾಗಿ ನಾವು ಎಷ್ಟು ಬದಲಾಗಬೇಕು? (ಸಭೆಯ ಊಟದಿಂದ ಶುರುವಾದ ಪ್ರಶ್ನೆ)

ಬೆಣ್ಣಿಹಳ್ಳ:
ಎಲ್ಲರಿಗೂ ವಂದನೆ. ಧಾರವಾಡ ಸೀಮೆಯ ಒಂದು ಸಣ್ಣ ಮನೆಸಭೆಯಲ್ಲಿ ಸೇವೆಗೆ ನೆರವಾಗುತ್ತೇನೆ. ನಮ್ಮಲ್ಲಿ ಈಗ ಒಂದು ಜಗ್ಗಾಟ ನಡೆದಿದೆ. ಹೊಸದಾಗಿ ಬರುತ್ತಿರುವ ಕೆಲವು ಮನೆಯವರು ಲಿಂಗಾಯತ ಹಿನ್ನೆಲೆಯವರು. ಮೊಟ್ಟೆ ಕೂಡ ಮುಟ್ಟಿದವರಲ್ಲ. ಕ್ರಿಸ್‌ಮಸ್ ಊಟಕ್ಕೆ ಈ ಸಲ ಕೋಳಿ ಬಿರಿಯಾನಿ ಬೇಡ, ರೊಟ್ಟಿ, ಎಣಗಾಯಿ, ಗೋಧಿ ಹುಗ್ಗಿ ಮಾಡೋಣ ಅಂದೆ. ಒಬ್ಬ ಹಿರಿಯರು ಒಪ್ಪುತ್ತಿಲ್ಲ. "ಕ್ರಿಸ್ತನಲ್ಲಿ ಬಿಡುಗಡೆ ಸಿಕ್ಕ ಮೇಲೆ ಇನ್ನೂ ಮಡಿ ಯಾಕೆ? ಅವರೇ ಗಟ್ಟಿಯಾಗಲಿ" ಅನ್ನುತ್ತಾರೆ.

ಇನ್ನೊಂದು ವಿಷಯವೂ ಇದೆ. ನಮ್ಮ ಸಭೆಯ ಹಳೇ ವಿಶ್ವಾಸಿ ಅಕ್ಕ ಪಕ್ಕದ ಮನೆಯವರು ಕೊಟ್ಟ ಪ್ರಸಾದದ ಸಜ್ಜಿಗೆಯನ್ನು ತಿಂದರು. ಅವರಿಗೆ ಅದು ಬರೀ ಸಿಹಿ. ಅದನ್ನು ನೋಡಿದ ಹೊಸ ವಿಶ್ವಾಸಿಯೊಬ್ಬರು ಗಲಿಬಿಲಿಗೊಂಡರು. "ಹಾಗಾದರೆ ನಾನೂ ಹಳೇ ಪೂಜೆ ಮುಂದುವರಿಸಬಹುದಾ?" ಅಂತ ನನ್ನನ್ನೇ ಕೇಳಿದರು.

ಯಾರಾರಿಗೆ ಎಂಥವನಾಗಬೇಕೋ ಅವರಿಗೆ ಅಂಥವನಾದೆ ಅಂತ ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅಪೊಸ್ತಲ ಪೌಲ ಹೇಳುತ್ತಾನಲ್ಲ, ಅದನ್ನು ನಿಮ್ಮ ಸಭೆಗಳಲ್ಲಿ ಹೇಗೆ ಪಾಲಿಸುತ್ತೀರಿ? ಎಲ್ಲಿ ನಿಲ್ಲಿಸುತ್ತೀರಿ?

ಗದಗದ ಟೀಚರ್:
ಹುಗ್ಗಿ ಮಾಡಿ ತಮ್ಮಾ. ಇದರಲ್ಲಿ ಜಗ್ಗಾಟ ಏನಿದೆ? ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ನಂಬಿಕೆಯಲ್ಲಿ ಬಲವಿಲ್ಲದೆ ಕಾಯಿಪಲ್ಯ ಮಾತ್ರ ತಿನ್ನುವವನ ವಿಷಯವೇ ಇದೆ. ತಿನ್ನುವವನು ತಿನ್ನದವನನ್ನು ಹೀನವಾಗಿ ನೋಡಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಹೇಳಬಾರದು. ನಿಮ್ಮ ಹಿರಿಯರಿಗೆ ಅದನ್ನೇ ಓದಿ ಹೇಳಿ.

ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. "ಅವರಿಗೆ ಬೇರೆ ಪಾತ್ರೆ, ಬೇರೆ ಸಾಲು ಮಾಡಿದರಾಯಿತು" ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ನಮ್ಮ ಊರುಗಳಲ್ಲಿ ಬೇರೆ ಸಾಲು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಪಂಕ್ತಿಭೇದ. ನಿಮ್ಮ ಸಭೆಯಲ್ಲಿ ದಲಿತ ಹಿನ್ನೆಲೆಯವರೂ ಇದ್ದರೆ, ಆ ಸಾಲನ್ನು ನೋಡಿದ ಕೂಡಲೇ ಅವರ ಮನಸ್ಸಿಗೆ ಏನು ಬರುತ್ತದೆ? ಅಲ್ಲಿಗೆ ಮಾಂಸದ ಪ್ರಶ್ನೆ ಮುಗಿದು ಜಾತಿಯ ಪ್ರಶ್ನೆ ಶುರುವಾಗುತ್ತದೆ.

ಪುಸ್ತಕದ ಹುಳ:
ಟೀಚರ್ ಹೇಳಿದ್ದು ನೇರವಾಗಿ ಅಂತಿಯೋಕ್ಯಕ್ಕೆ ಹೋಗುತ್ತದೆ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ನೋಡಿ. ಯೇಸುವಿನ ಶಿಷ್ಯ ಪೇತ್ರ ಆ ಊರಿನಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಎದ್ದು ಬೇರೆ ಕೂತ. ಪೌಲನ ಜೊತೆಗಾರ ಬಾರ್ನಬನೂ ಅದೇ ಕಡೆ ವಾಲಿದ. ಪೌಲ ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ.

"ನಾನು ಬಂದವರ ಮನಸ್ಸಾಕ್ಷಿಗೆ ಹೊಂದಿಕೊಂಡೆ" ಅಂತ ಪೇತ್ರನೂ ಹೇಳಬಹುದಿತ್ತು ಅಲ್ವಾ? ಹಾಗಾದರೆ ಪೌಲನಿಗೆ ಯಾಕೆ ಸಿಟ್ಟು? ನನಗೆ ಕಾಣುವುದು ಇಷ್ಟು. ಪೌಲ ಮಾಂಸ ಬಿಡಲು ತಯಾರಿದ್ದದ್ದು ಎಲ್ಲರ ಜೊತೆ ಕೂತು ಉಣ್ಣುವುದಕ್ಕಾಗಿ. ಪೇತ್ರ ಬಿಟ್ಟದ್ದು ಆ ಜೊತೆಯನ್ನೇ. ಅವನ ಹೊಂದಾಣಿಕೆಗೆ ಬೆಲೆ ತೆತ್ತವರು ಮೇಜಿನ ಬಳಿ ಉಳಿದುಹೋದ ಅನ್ಯಜನರು.

ಇನ್ನು ಗ್ರೀಸಿನ ಕೊರಿಂಥ ಊರಿನ ವಿಷಯ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದಾ ಅನ್ನುವುದು ಅಲ್ಲಿನವರ ಪ್ರಶ್ನೆ. ಅವರಿಗೆ ಮೊದಲ ಪತ್ರವನ್ನು ಪೌಲ ಎಫೆಸದಿಂದ ಬರೆದದ್ದು ಸುಮಾರು ಕ್ರಿ.ಶ. 54-55ರಲ್ಲಿ. ಆ ಊರಿನಲ್ಲಿ ದೇವಸ್ಥಾನಕ್ಕೂ ಊಟಕ್ಕೂ ಹತ್ತಿರದ ನಂಟು. ಅಸ್ಕ್ಲೇಪಿಯಸ್ ದೇವರ ಗುಡಿಯ ಆವರಣ ಅಗೆದಾಗ ಒರಗಿಕೊಂಡು ಉಣ್ಣಲು ಆಸನಗಳಿದ್ದ ಊಟದ ಕೋಣೆಗಳೇ ಸಿಕ್ಕಿವೆ. ಹೀಗಾಗಿ ಗುಡಿಯ ಊಟ ಅಂದರೆ ಬರೀ ಪೂಜೆ ಅಲ್ಲ, ನಂಟರಿಷ್ಟರು, ವ್ಯಾಪಾರದವರು ಸೇರುವ ಜಾಗ. ಉಳ್ಳವರಿಗೆ ಇಂಥ ಕರೆ ಬರುತ್ತಲೇ ಇರುತ್ತಿತ್ತು. ಬಡವರಿಗೆ ಮಾಂಸ ಕಾಣುತ್ತಿದ್ದದ್ದೇ ಹಬ್ಬದ ಬಲಿಯ ದಿನ, ಹಾಗಾಗಿ ಅವರ ಮನಸ್ಸಿನಲ್ಲಿ ಮಾಂಸಕ್ಕೂ ದೇವರಿಗೂ ಗಂಟು ಬಿದ್ದಿತ್ತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇದು ಒಪ್ಪುವ ಮಾತು ಅಂತ ನನಗನಿಸುತ್ತದೆ. ನಿಮ್ಮ ಸಜ್ಜಿಗೆಯ ಕಥೆಯೂ ಅದೇ. ಮೂರ್ನಾಲ್ಕು ತಲೆಮಾರಿನಿಂದ ಕ್ರೈಸ್ತರಾಗಿರುವ ಅಕ್ಕನಿಗೆ ಅದು ಬರೀ ರವೆ, ಸಕ್ಕರೆ. ನಿನ್ನೆಯವರೆಗೆ ಅದನ್ನು ಕಣ್ಣಿಗೊತ್ತಿಕೊಂಡವರಿಗೆ ಹಾಗಲ್ಲ.

ಬೆಣ್ಣಿಹಳ್ಳ:
ಹಾಗಾದರೆ ಪ್ರಸಾದ ಬೇಡ ಅನ್ನಬೇಕಾ? ಪಕ್ಕದ ಮನೆಯವರಿಗೆ ಬೇಜಾರಾಗುತ್ತದೆ. ಅವರ ಮನಸ್ಸೂ ಮುಖ್ಯ ಅಲ್ವಾ.

ಪುಸ್ತಕದ ಹುಳ:
ಅದೇ ಕೊರಿಂಥದ ಪತ್ರದ 10ನೇ ಅಧ್ಯಾಯದ ಕೊನೆಯಲ್ಲಿ ಪೌಲ ಕೊಡುವ ದಾರಿ ನೋಡಿ. ಸಂತೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತೆಗೆದುಕೊಳ್ಳಿ. ವಿಶ್ವಾಸಿಯಲ್ಲದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ. ಯಾರಾದರೂ "ಇದು ನೈವೇದ್ಯ" ಅಂತ ಬಾಯಿಬಿಟ್ಟು ಹೇಳಿದರೆ, ಹಾಗೆ ಹೇಳಿದವರ ಸಲುವಾಗಿ ಬಿಡಿ. ಅಂದರೆ ಹಬ್ಬದ ಹೋಳಿಗೆ ಊಟಕ್ಕೆ ಖುಷಿಯಾಗಿ ಹೋಗಬಹುದು. ಪ್ರಸಾದ ಅಂತ ಹೇಳಿ ಕೈಗಿಟ್ಟರೆ ಕೈಮುಗಿದು "ನಾನು ತಗೊಳ್ಳಲ್ಲ ಅಕ್ಕಾ, ಬೇಜಾರಾಗಬೇಡಿ" ಅನ್ನಬಹುದು. ಮುಖ ಸಿಂಡರಿಸಿಕೊಂಡು ಅಲ್ಲ. ನಿಮ್ಮ ಹಳೇ ಅಕ್ಕನಿಗೆ ಹಕ್ಕಿಲ್ಲ ಅಂತಲ್ಲ. ಹೊಸಬರು ನೋಡುತ್ತಿರುವಾಗ ಆ ಹಕ್ಕನ್ನು ಸ್ವಲ್ಪ ಕಾಲ ಮಡಚಿಡಲಿ.

ಎತ್ತಿನಹಳ್ಳಿ ಬ್ರದರ್:
ಕರ್ತನಿಗೆ ಸ್ತೋತ್ರ. ಎಲ್ಲರೂ ಬಿಟ್ಟುಕೊಡುವ ಮಾತೇ ಆಡುತ್ತಿದ್ದೀರಿ. ನಾನು ಪೆಂತೆಕೊಸ್ತ್ ಸಭೆಯವನು, ನೇರವಾಗಿ ಹೇಳುತ್ತೇನೆ. ಇವತ್ತು ಊಟ, ನಾಳೆ ಕುಂಕುಮ, ನಾಡಿದ್ದು ಆಯುಧ ಪೂಜೆಗೆ ಫ್ಯಾಕ್ಟರಿಯಲ್ಲಿ ಕಾಯಿ ಒಡೆಯುವುದು. "ಅವರು ಬಲಹೀನರು" ಅಂತ ಎಲ್ಲದಕ್ಕೂ ಹೂಂ ಅಂದರೆ ಕೊನೆಗೆ ಸುವಾರ್ತೆಯಲ್ಲಿ ಉಪ್ಪೇ ಇರುವುದಿಲ್ಲ. ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಸುನ್ನತಿ ಮಾಡಿಸಿದ, ಸರಿ. ಇನ್ನೊಬ್ಬ ಜೊತೆಗಾರ ತೀತನಿಗೆ ಮಾಡಿಸಲು ಯಾಕೆ ಒಪ್ಪಲಿಲ್ಲ? ಒಂದು ಕಡೆ ಬಾಗಿದವನು ಇನ್ನೊಂದು ಕಡೆ ಕಲ್ಲಾಗಿ ನಿಂತ.

ಗದಗದ ಟೀಚರ್:
ಬ್ರದರ್, ಒಳ್ಳೆಯ ಪ್ರಶ್ನೆ. ತೀತನ ವಿಷಯದಲ್ಲಿ ಕೆಲವರು ಅದನ್ನು ರಕ್ಷಣೆಗೆ ಷರತ್ತು ಮಾಡಲು ಹೊರಟಿದ್ದರು. ಷರತ್ತು ಅಂದ ಕೂಡಲೇ ಪೌಲ ಒಂದು ಘಳಿಗೆಯೂ ಮಣಿಯಲಿಲ್ಲ. ತಿಮೊಥೆಯನ ತಾಯಿ ಯೆಹೂದ್ಯಳು, ಅಪ್ಪ ಗ್ರೀಕ. ಆ ಊರುಗಳ ಯೆಹೂದ್ಯರಿಗೆಲ್ಲ ಅದು ಗೊತ್ತಿತ್ತು. ಅಲ್ಲಿ ಬಾಗಿಲು ತೆರೆಯಲಿ ಅಂತ ಮಾಡಿಸಿದ್ದು.

ಮಾರಿಕಣಿವೆ:
ಒಂದು ತಮಾಷೆ ಗಮನಿಸಿದಿರಾ? ಹೊಂದಿಕೊಂಡವನು ಪೌಲ ಅಂತ ನಾವು ಪ್ರಸಂಗ ಮಾಡುತ್ತೇವೆ. ನೋವು ತಿಂದವನು ತಿಮೊಥೆಯ!

ಪುಸ್ತಕದ ಹುಳ:
ಹಹ್ಹಾ, ಸರಿಯಾದ ಮಾತು. ಆದರೂ ತಿಮೊಥೆಯ ಆ ಸೇವೆಗೆ ಜೊತೆಯಾಗಿ ಹೊರಟವನು, ಹೊರಗಿನವನಲ್ಲ. ಅಷ್ಟಾದರೂ ಪೌಲನ ಪರವಾಗಿ ಹೇಳಬಹುದು.

ಒಲೆಮುಂದೆ:
ತುಂಬಾ ದಿನದಿಂದ ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಎತ್ತಿನಹಳ್ಳಿ ಬ್ರದರ್ ಕುಂಕುಮದ ಮಾತು ತೆಗೆದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಿಂದೂ ಮನೆಯಿಂದ ಬಂದವಳು. ಗಂಡ, ಅತ್ತೆ ಯಾರೂ ವಿಶ್ವಾಸಿಗಳಲ್ಲ. ಮೊದಲು ಹೋಗುತ್ತಿದ್ದ ಸಭೆಯಲ್ಲಿ ಬಾಗಿಲಲ್ಲೇ ಒಬ್ಬರು ನಿಲ್ಲಿಸಿ ಬೊಟ್ಟು ಒರೆಸಲು ಹೇಳುತ್ತಿದ್ದರು. ಹೂ ತೆಗೆದು ಪರ್ಸಿನಲ್ಲಿ ಇಡಬೇಕಿತ್ತು. ವಾಪಸ್ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಒಂದು ದಿನ ಮರೆತೆ. ಬರಿ ಹಣೆ ಕಂಡ ಅತ್ತೆ "ಗಂಡ ಬದುಕಿರುವಾಗಲೇ ಇದೇನು ಅವತಾರ" ಅಂತ ಇಡೀ ಓಣಿಗೆ ಕೇಳುವಂತೆ ಕೂಗಿದರು. ಆಮೇಲೆ ಎಷ್ಟೋ ತಿಂಗಳು ಸಭೆಗೇ ಹೋಗಲಾಗಲಿಲ್ಲ.

ಬಾಗಿಲಲ್ಲಿ ನಿಂತವರು ತಮ್ಮನ್ನು ಬಲವುಳ್ಳವರು ಅಂದುಕೊಂಡಿದ್ದರು. ಅವರೇನೂ ಕಳೆದುಕೊಳ್ಳಲಿಲ್ಲ. ಕಳೆದುಕೊಂಡವಳು ನಾನು. ಈಗ ಹೋಗುವ ಸಭೆಯಲ್ಲಿ ಅಯ್ಯನವರು ಈ ವಿಷಯ ಎತ್ತಿಯೇ ಇಲ್ಲ. ಅವರ ಹೆಂಡತಿಯೂ ಹೂ ಮುಡಿಯುತ್ತಾರೆ.

ಎತ್ತಿನಹಳ್ಳಿ ಬ್ರದರ್:
ಸಿಸ್ಟರ್, ಓದಿ ಬೇಸರವಾಯಿತು. ಬೊಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಬಾಗಿಲಲ್ಲಿ ನಿಲ್ಲಿಸುವುದು ತಪ್ಪು. ಅದನ್ನು ಕಲಿಸುವುದಕ್ಕೆ ಕಾಲ ಇದೆ, ರೀತಿ ಇದೆ.

ಹೊರಗಿನವ:
ನಾನು ಕ್ರೈಸ್ತನಲ್ಲ. ಪರಿಚಯದವರು ಈ ಚರ್ಚೆ ತೋರಿಸಿದರು. ಒಂದು ಪ್ರಶ್ನೆ, ಸಿಟ್ಟಾಗಬೇಡಿ. ಅವರವರಿಗೆ ಅಂಥಂಥವನಾಗುವುದು ಅಂದರೆ ನಮ್ಮ ಕಣ್ಣಿಗೆ ವೇಷದಂತೆ ಕಾಣುತ್ತದೆ. ಕಾವಿ ಉಡುವುದು, ಆಶ್ರಮ ಅನ್ನುವುದು, ಭಜನೆಯ ಧಾಟಿಯಲ್ಲಿ ಹಾಡುವುದು. ಜೊತೆಗೆ ಆಸ್ಪತ್ರೆಯಲ್ಲಿರುವವರು, ಸಾಲದಲ್ಲಿರುವವರು, ಕುಡಿತದ ಮನೆಯವರು, ಇಂಥವರ ಹತ್ತಿರವೇ ಜಾಸ್ತಿ ಹೋಗುತ್ತೀರಿ. ಬಲಹೀನತೆಗೆ ಹೊಂದಿಕೊಳ್ಳುವುದಕ್ಕೂ ಅದನ್ನು ಬಳಸಿಕೊಳ್ಳುವುದಕ್ಕೂ ಏನು ವ್ಯತ್ಯಾಸ? 2022ರಲ್ಲಿ ರಾಜ್ಯದಲ್ಲಿ ಮತಾಂತರದ ಬಗ್ಗೆ ಕಾಯ್ದೆ ಬಂತು, 2023ರಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಲು ಸಂಪುಟ ತೀರ್ಮಾನಿಸಿತು. ರಾಜಕೀಯ ಬದಿಗಿರಲಿ. ಆಮಿಷದ ಅನುಮಾನ ಜನರಲ್ಲಿ ಇರುವುದಂತೂ ನಿಜ.

ಪುಸ್ತಕದ ಹುಳ:
ಸಿಟ್ಟಿಲ್ಲ ಸರ್, ಈ ಪ್ರಶ್ನೆ ನಮ್ಮೊಳಗೇ ನಾನೂರು ವರ್ಷದಿಂದ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ 1606ರಲ್ಲಿ ಮದುರೈಗೆ ಬಂದರು. ಮಾಂಸ ಬಿಟ್ಟರು, ಸನ್ಯಾಸಿಯ ಬಟ್ಟೆ ಉಟ್ಟರು, ತಮಿಳು, ಸಂಸ್ಕೃತ ಕಲಿತರು. ಅವರ ಜೊತೆಯ ಪಾದ್ರಿಯೇ ದೂರು ಕೊಟ್ಟರು. ವಿಷಯ ರೋಮ್‌ವರೆಗೆ ಹೋಗಿ 1623ರಲ್ಲಿ ಪೋಪ್ 15ನೇ ಗ್ರೆಗೊರಿ ಅವರ ಪರವಾಗಿ ಅನುಮತಿ ಕೊಟ್ಟರು. ಆಮೇಲೆ ಮತ್ತೆ ವಿವಾದ ಎದ್ದು 1744ರಲ್ಲಿ ಇನ್ನೊಬ್ಬ ಪೋಪ್ ಕಟ್ಟುನಿಟ್ಟಿನ ಆಜ್ಞೆ ಹೊರಡಿಸಿದರು.

ಡಿ ನೊಬಿಲಿಯವರ ತ್ಯಾಗ ದೊಡ್ಡದು, ಅನುಮಾನವಿಲ್ಲ. ದಶಕಗಟ್ಟಲೆ ಹಾಗೆ ಬದುಕುವುದು ಸುಮ್ನೆ ಮಾತಲ್ಲ. ಆದರೆ ಮೇಲ್ಜಾತಿಯವರ ಮನಸ್ಸು ಮುರಿಯಬಾರದು ಅಂತ ಅವರು ಕೆಳಜಾತಿಯವರ ಜೊತೆ ಬಹಿರಂಗವಾಗಿ ಬೆರೆಯುವಂತಿರಲಿಲ್ಲ. ಮುಂದೆ ಆ ಜನರಿಗಾಗಿ ಪಂಡಾರಸ್ವಾಮಿ ಎಂಬ ಬೇರೆ ಬಗೆಯ ಪಾದ್ರಿಗಳು ಬಂದರು. ಅಂದರೆ ಹೊಂದಾಣಿಕೆಯ ಬೆಲೆಯಲ್ಲಿ ಒಂದು ಪಾಲು ದಲಿತರ ಲೆಕ್ಕಕ್ಕೆ ಹೋಯಿತು. ಅಂತಿಯೋಕ್ಯದ ಮೇಜೇ ಮತ್ತೆ. ನನ್ನ ತಕರಾರು ಕಾವಿಗಲ್ಲ, ಇದಕ್ಕೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರದು ಉಲ್ಟಾ ದಾರಿ. ಜಾತಿ ಪೂರ್ತಿ ಬಿಡಬೇಕು. ಬಿಟ್ಟವರು ಮನೆ, ಕಸುಬು ಎರಡನ್ನೂ ಕಳೆದುಕೊಂಡರು. ಅವರಿಗೆ ದುಡಿಮೆ ಬೇಕು ಅಂತ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಹಂಚಿನ ಕಾರ್ಖಾನೆ ಬಂದವು. ಕರಾವಳಿಯ ಮನೆಗಳ ಮೇಲಿನ ಹಂಚಿಗೆ ಇಂಥದೊಂದು ಹಿನ್ನೆಲೆ ಇದೆ.

ಅದೇ ಮಿಷನ್‌ನಲ್ಲಿ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಂದರು. ಪೌಲನ ಈ ಮಾತನ್ನೇ ಹಿಡಿದು ಭಾರತದವರಿಗೆ ಭಾರತದವನಾಗಬೇಕು ಅಂತ ಕನ್ನಡ, ಇಲ್ಲಿನ ರೀತಿನೀತಿ, ಸಂಗೀತ ಎಲ್ಲಾ ಕಲಿತರು. 1862ರಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ' ಅಂತ ಬರೆದರು. ಮಿಷನ್‌ನವರಿಗೆ ಇದು ಹಿಡಿಸಲಿಲ್ಲ. ದೂರದ ನೀಲಗಿರಿಗೆ ಕಳಿಸಿದರು, ಆಮೇಲೆ ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ ಹಾಕಿದರು. 1894ರ ನಿಘಂಟು ಎಲ್ಲರಿಗೂ ಗೊತ್ತು. ಕಿಟೆಲ್ ವೇಷ ಹಾಕಿದರಾ? ಯಾರನ್ನಾದರೂ ಮೋಸ ಮಾಡಿದರಾ? ಜನರ ಭಾಷೆಗಾಗಿ ವರ್ಷಗಟ್ಟಲೆ ಬೆವರು ಸುರಿಸಿದರು. ಬೆಲೆ ತಾವೇ ತೆತ್ತರು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಹೊಂದಿಕೊಳ್ಳುವವನು ತನ್ನದೇನೋ ಬಿಡುತ್ತಾನೆ. ಬಳಸಿಕೊಳ್ಳುವವನು ಏನನ್ನೂ ಬಿಡುವುದಿಲ್ಲ, ಎದುರಿನವರ ಕೈಯಿಂದ ಬಿಡಿಸುತ್ತಾನೆ. ಕೊರಿಂಥದ ಪತ್ರದಲ್ಲಿ ಪೌಲನ ಆ ಮಾತಿರುವ 9ನೇ ಅಧ್ಯಾಯದ ಮೊದಲರ್ಧ ಯಾರೂ ಓದುವುದಿಲ್ಲ. ಸೇವೆಗೆ ಸಂಬಳ ಪಡೆಯುವ ಹಕ್ಕು ತನಗಿದೆ ಅಂತ ಪೌಲ ಉದ್ದಕ್ಕೂ ವಾದಿಸುತ್ತಾನೆ. ಕೊನೆಗೆ, ನಿಮ್ಮಿಂದ ಒಂದು ಕಾಸೂ ತೆಗೆದುಕೊಳ್ಳಲ್ಲ ಅನ್ನುತ್ತಾನೆ. ಕೊರಿಂಥದಲ್ಲಿ ಗುಡಾರ ಹೊಲಿದು ಬದುಕಿದ. ಅದಾದ ಮೇಲೆಯೇ "ಬಲವಿಲ್ಲದವರಿಗೆ ಬಲವಿಲ್ಲದವನಾದೆ" ಎಂಬ ಮಾತು ಬರುವುದು.

ರಾತ್ರಿ ಪಾಳಿ:
ನಾನು ನರ್ಸ್. ಆಸ್ಪತ್ರೆಯ ಮಾತು ಬಂತಲ್ಲ, ಅದಕ್ಕೆ ಹೊರಗಿನವ ಸರ್‌ಗೆ ಉತ್ತರ ಕೊಡಬೇಕು.

ನಿಮ್ಮ ಅನುಮಾನ ಸುಳ್ಳಲ್ಲ. ಪ್ರಾರ್ಥನೆಗೆ ಅಂತ ಬಂದು, ಆಕ್ಸಿಜನ್ ಹಾಕಿಕೊಂಡು ಮಲಗಿದವರ ಮುಂದೆ ನರಕದ ಮಾತಾಡುವವರನ್ನು ನೋಡಿದ್ದೇನೆ. ಗುಣವಾಗದಿದ್ದರೆ "ನಿಮಗೆ ನಂಬಿಕೆ ಸಾಲದು" ಅಂತ ಹೇಳಿ ಹೋಗುವವರನ್ನೂ ನೋಡಿದ್ದೇನೆ. ಆ ಮಾತು ಕೇಳಿದ ರೋಗಿಯ ಮುಖ ಆಮೇಲೆ ನೋಡುವವರು ನಾವು. ಎದ್ದು ಹೋಗಲಾಗದವರಿಗೆ ಉಪದೇಶ ಮಾಡುವುದು ಹೊಂದಾಣಿಕೆ ಹೇಗಾಗುತ್ತದೆ?

ನಮ್ಮ ಸಭೆಯಿಂದ ಭೇಟಿಗೆ ಬರುವವರಿಗೆ ಒಂದು ಪದ್ಧತಿ ಇದೆ. ಮೊದಲು ರೋಗಿಯನ್ನೇ ಕೇಳಬೇಕು, ಮನೆಯವರನ್ನಲ್ಲ. ಬೇಡ ಅಂದರೆ ಹಣ್ಣು ಕೊಟ್ಟು, ಎರಡು ಮಾತಾಡಿ ಬರಬೇಕು. ಪ್ರಾರ್ಥನೆ ಬೇಕು ಅಂದರೆ ಚಿಕ್ಕದು, ಮೆಲ್ಲಗೆ. ಪಕ್ಕದ ಹಾಸಿಗೆಯವರಿಗೆ ನಿದ್ದೆ ಬೇಕು. ಔಷಧಿ ನಿಲ್ಲಿಸಿ ಅಂತ ಯಾರೂ ಹೇಳುವ ಹಾಗಿಲ್ಲ. ದುಡ್ಡಿನ ಸಹಾಯ ಇದ್ದರೆ ಅದು ಬೇರೆಯವರ ಕೈಯಿಂದ, ಬೇರೆ ದಿನ. ಪ್ರಾರ್ಥನೆಗೂ ದುಡ್ಡಿಗೂ ಗಂಟು ಹಾಕಬಾರದು.

ಹೊರಗಿನವ:
ಇದು ಎಲ್ಲಾ ಕಡೆ ನಡೆದರೆ ಜಗಳ ಅರ್ಧ ಕಡಿಮೆಯಾಗುತ್ತದೆ. ಬರೆದದ್ದಕ್ಕೆ ಧನ್ಯವಾದ. ಪೂರ್ತಿ ಒಪ್ಪಿದೆ ಅಂತಲ್ಲ.

ಮಾರಿಕಣಿವೆ:
ಇಷ್ಟೆಲ್ಲಾ ಹೊಂದಿಕೊಂಡರೆ ಜನ ಬರುತ್ತಾರೆ ಅನ್ನುವ ಲೆಕ್ಕವೂ ಬೇಡ. ಮೈಸೂರು ಸೀಮೆಯಲ್ಲಿ ಅಬ್ಬೆ ದುಬಾಯ್ ಅಂತ ಫ್ರೆಂಚ್ ಪಾದ್ರಿ ಇದ್ದರಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದವರು. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ಬದುಕಿದರು. ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. 1823ರಲ್ಲಿ ವಾಪಸ್ ಹೋಗುವಾಗ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂಬ ತೀರ್ಮಾನಕ್ಕೆ ಬಂದಿದ್ದರು. ಪೌಲನದೂ ಅಷ್ಟೇ. ಯೆರೂಸಲೇಮಿನಲ್ಲಿ ಹಿರಿಯರು ಹೇಳಿದರು ಅಂತ ಹರಕೆ ಹೊತ್ತ ನಾಲ್ಕು ಜನರ ಖರ್ಚು ಹಾಕಿಕೊಂಡು ದೇವಾಲಯಕ್ಕೆ ಹೋದ. ಆದರೂ ಗಲಾಟೆಯಾಗಿ ಸೆರೆ ಸಿಕ್ಕ.

ಎತ್ತಿನಹಳ್ಳಿ ಬ್ರದರ್:
ಲೆಕ್ಕ ಬೇಡ ಅನ್ನುವುದು ಸರಿ. ಆದರೆ ಪೌಲ "ಕೆಲವರನ್ನಾದರೂ ರಕ್ಷಿಸಬೇಕು" ಅಂತ ಗುರಿ ಇಟ್ಟುಕೊಂಡೇ ಮಾಡಿದ್ದು. ಸುವಾರ್ತೆ ಹೇಳದೆ ಬರೀ ಒಳ್ಳೆಯವರಾಗಿರುವುದಕ್ಕೆ ಅವನ ಹೆಸರು ಹೇಳಬೇಡಿ.

ಗದಗದ ಟೀಚರ್:
ಒಪ್ಪಿದೆ ಬ್ರದರ್.

ಕುಡಿತದ ಮನೆಯ ಮಾತು ಬಂತು, ಅದಕ್ಕೊಂದು ಹೇಳುತ್ತೇನೆ. ಕುಡಿತ ಬಿಟ್ಟು ಬಂದವರಿಗೆ ಕರ್ತನ ಭೋಜನದಲ್ಲಿ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ಕೊಡುವ ದ್ರಾಕ್ಷಾರಸವೇ ಕಷ್ಟ. ವಾಸನೆ ಸಾಕು, ಹಳೆಯದು ಕೆರಳಲು. 1869ರಲ್ಲಿ ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿ ರಸವನ್ನು ಹುಳಿ ಬರದಂತೆ ಕಾಯಿಸಿ ಇಡುವ ದಾರಿ ಕಂಡುಹಿಡಿದದ್ದೇ ಈ ಕರ್ತನ ಭೋಜನಕ್ಕಾಗಿ. ನಮ್ಮಲ್ಲಿ ಒಣದ್ರಾಕ್ಷಿ ನೆನೆಸಿ ಕುದಿಸಿ ಸೋಸುತ್ತೇವೆ. ಎಲ್ಲರಿಗೂ ಅದೇ. ಕುಡಿತ ಬಿಟ್ಟವರಿಗೆ ಮಾತ್ರ ಬೇರೆ ಲೋಟ ಕೊಟ್ಟರೆ ಇಡೀ ಸಭೆಗೆ ಬೆರಳು ತೋರಿಸಿದಂತೆ.

ಅರೆಮಲೆನಾಡು:
ಯಾರೂ ಹೇಳದ ಒಂದು ಮಾತು ನನ್ನದು. "ನನಗೆ ಅಡ್ಡಿಯಾಗುತ್ತದೆ" ಅನ್ನುವವರೆಲ್ಲ ಬಲಹೀನರಲ್ಲ. ನಮ್ಮ ಸಭೆಯಲ್ಲಿ ತಬಲಾ ಬೇಡ, ಹುಡುಗಿಯರು ಹಾಡು ನಡೆಸುವುದು ಬೇಡ, ಚಾಪೆಯ ಬದಲು ಕುರ್ಚಿ ಬೇಡ, ಎಲ್ಲಾ ಬೇಡ. ಹೇಳುವವರು ಮೂವತ್ತು ವರ್ಷದ ಹಳೇ ವಿಶ್ವಾಸಿಗಳು, ಕಮಿಟಿಯಲ್ಲಿ ಇರುವವರು. ಕೇಳಿದರೆ ರೋಮಾಪುರದ 14ನೇ ಅಧ್ಯಾಯ ಎತ್ತುತ್ತಾರೆ. ಮಂಡಿ ನೋವಿನವರಿಗೆ ಕುರ್ಚಿ ಬೇಡ ಅನ್ನುವುದಕ್ಕೂ ಆ ವಾಕ್ಯವೇ!

ಪುಸ್ತಕದ ಹುಳ:
ಒಳ್ಳೆಯ ಜಾಗಕ್ಕೆ ಕೈ ಹಾಕಿದಿರಿ. ಪೌಲನ ಚಿಂತೆ ಇದ್ದದ್ದು ನಿಮ್ಮನ್ನು ನೋಡಿ ತನ್ನ ಮನಸ್ಸಾಕ್ಷಿಗೆ ವಿರುದ್ಧ ನಡೆದು ಬೀಳುವವನ ಬಗ್ಗೆ. ಸಜ್ಜಿಗೆ ನೋಡಿ ಹಳೇ ಪೂಜೆಗೆ ಹೋಗಲಾ ಅಂತ ಕೇಳಿದವರು ಅಂಥವರು. ತಬಲಾ ಕೇಳಿದರೆ ಕಮಿಟಿಯವರು ಬೀಳುತ್ತಾರಾ? ಬೀಳುವುದಿಲ್ಲ, ಮುನಿಸಿಕೊಳ್ಳುತ್ತಾರೆ. ಮುನಿಸಿಗೂ ಗೌರವ ಕೊಡೋಣ, ಕೂತು ಮಾತಾಡೋಣ. ಆದರೆ ಅದನ್ನು ಬಲಹೀನತೆಯ ಲೆಕ್ಕಕ್ಕೆ ಬರೆಯಬಾರದು. ಬರೆದರೆ ಅಧಿಕಾರ ಇರುವವರೇ ಸದಾ ಬಲಹೀನರಾಗಿ ಕೂರುತ್ತಾರೆ.

ಬೆಣ್ಣಿಹಳ್ಳ:
ಈ ವ್ಯತ್ಯಾಸ ನಮ್ಮ ಹಿರಿಯರಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೇನೆ. ಅವರು ಕೆಟ್ಟವರಲ್ಲ. ಅವರ ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡಾಗ ಊರಿನಲ್ಲಿ ಬಾವಿ ಬಂದ್ ಮಾಡಿದ್ದರಂತೆ. ಮಾಂಸ ತಿನ್ನುವವರು ಅಂತ ಹೀಯಾಳಿಸುತ್ತಿದ್ದರಂತೆ. ಸಭೆಯ ಊಟದಲ್ಲಿ ಬಿರಿಯಾನಿ ಅವರಿಗೆ ಬರೀ ಬಿರಿಯಾನಿ ಅಲ್ಲ.

ಒಲೆಮುಂದೆ:
ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು ಅಣ್ಣಾ. ಹಾಗಾದರೆ ಗಾಯ ಅವರ ಕಡೆಯೂ ಇದೆ. ಸಸ್ಯಾಹಾರವೇ ಶುದ್ಧ ಅಂತ ಅವರಿಗೆ ಕೇಳಿಸಿದರೆ ತಪ್ಪು ಅವರದಲ್ಲ. ಹೊಸ ಮನೆಯವರಲ್ಲಿ ಒಬ್ಬರು ಅವರ ಮನೆಗೆ ಹೋಗಿ ಒಂದು ಹೊತ್ತು ಕೂತು ಊಟ ಮಾಡಲಿ. ಅವರ ಅಡುಗೆಮನೆಯಲ್ಲಿ ಮಾಡಿದ ಅನ್ನ ಸಾರು ಸಾಕು. ಕೋಳಿ ಬೇಯಿಸಿದ ಪಾತ್ರೆ ಅಂತ ನೋಡದೆ ಉಂಡರೆ ಅದು ಹೊಸಬರು ಬಿಟ್ಟುಕೊಟ್ಟ ಪಾಲು. ನಾವು ಆ ಕಡೆಯಿಂದ ಬಂದವರು, ಅದು ಎಷ್ಟು ಕಷ್ಟ ಅಂತ ಗೊತ್ತು. ಒತ್ತಾಯ ಮಾಡಬೇಡಿ, ಕೇಳಿ ನೋಡಿ.

ಪುಸ್ತಕದ ಹುಳ:
ನಾನು ಮೇಲೆ ಬರೆದದ್ದೆಲ್ಲಕ್ಕಿಂತ ಇದು ಚೆನ್ನಾಗಿದೆ.

ರಾತ್ರಿ ಪಾಳಿ:
ಊಟದ ಮಾತಿನಲ್ಲಿ ಒಂದು ಬಿಟ್ಟುಹೋಯಿತು. ಮನೆಸಭೆಗಳಲ್ಲಿ ವಾಕ್ಯವನ್ನು ಸರದಿಯ ಮೇಲೆ ಓದಿಸುವ ರೂಢಿ ಇದೆಯಲ್ಲ, ಒಬ್ಬೊಬ್ಬರು ಒಂದೊಂದು ವಚನ. ಓದು ಬಾರದವರು ತಮ್ಮ ಸರದಿ ಹತ್ತಿರ ಬಂದಾಗ ನೀರು ಕುಡಿಯಲು ಎದ್ದು ಹೋಗುತ್ತಾರೆ, ಕನ್ನಡಕ ಮರೆತೆ ಅನ್ನುತ್ತಾರೆ. ಮುಂದಿನ ವಾರ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ನಾವು ಪ್ರಾರ್ಥನೆ ಮಾಡುತ್ತೇವೆ! ಬೆಣ್ಣಿಹಳ್ಳ ಬ್ರದರ್, ನಿಮ್ಮಲ್ಲಿ ಇದು ಹೇಗೆ?

ಬೆಣ್ಣಿಹಳ್ಳ:
ನಮ್ಮಲ್ಲೂ ಸರದಿಯೇ ಇದೆ ಸಿಸ್ಟರ್.

ರಾತ್ರಿ ಪಾಳಿ:
ನಿಲ್ಲಿಸಿ ನೋಡಿ. ಒಬ್ಬರೇ ನಿಧಾನವಾಗಿ ಎರಡು ಸಲ ಓದಲಿ, ಉಳಿದವರು ಕೇಳಲಿ. ನಾವು ಹಾಗೆ ಮಾಡಿದಾಗ ಓದು ಬಲ್ಲ ಕೆಲವರಿಗೆ ಬೋರ್ ಆಯಿತು, ಅವರು ಹೊಂದಿಕೊಂಡರು. ಓದು ಬಾರದ ಅಜ್ಜಿಯೊಬ್ಬರು ಕೇಳಿದ್ದನ್ನು ಬಾಯಿಪಾಠ ಮಾಡಿ ಪಕ್ಕದ ಓಣಿಯಲ್ಲಿ ಕಥೆ ಮಾಡಿ ಹೇಳುತ್ತಿದ್ದಾರೆ, ನಮ್ಮ ಪಾಸ್ಟರ್‌ಗಿಂತ ಚೆನ್ನಾಗಿ. ಮೊಬೈಲಿನಲ್ಲಿ ಕನ್ನಡ ಬೈಬಲ್ ಆಡಿಯೋ ಸಿಗುತ್ತದೆ, ಮಕ್ಕಳ ಕೈಲಿ ಹಾಕಿಸಿ ಕೊಡಿ.